ಬದಲಿ ಮನೆಯ ನೆವೆಂಕಾ

ನೆವೆಂಕಾಳನ್ನು ನಾನಾಗಿ ಮನೆಗೆ ಕರೆದವಳಲ್ಲ. ಕ್ಲಬ್ಬಿನವರು ಕೊಟ್ಟರು, ಬೇಡವೆನ್ನಲು ಬಾಯಿ ಬರಲಿಲ್ಲ.

ಕುಡಿತ ಬಿಟ್ಟವರ ನಮ್ಮ ಕ್ಲಬ್ ಸೇರುವುದು ಅಗ್ನಿಶಾಮಕ ಠಾಣೆಯ ಮಹಡಿಯಲ್ಲಿ, ಗುರುವಾರ ಸಂಜೆ. ಕುಡಿಯುತ್ತಿದ್ದವನೊಬ್ಬನೇ ಅಲ್ಲಿಗೆ ಬರುವಂತಿಲ್ಲ. ಹೆಂಡತಿಯೋ ತಾಯಿಯೋ ಮಕ್ಕಳೋ ಪಕ್ಕದಲ್ಲಿ ಕೂರಬೇಕು. ಆ ವಾರ ತಮಗೇನಾಯಿತೆಂದು ಒಬ್ಬೊಬ್ಬರೂ ಎದ್ದು ಹೇಳಬೇಕು. ನನ್ನ ಗಂಡ ತಿಹೊಮಿರ್ ಕುಡಿತ ಬಿಟ್ಟಂದಿನಿಂದ ನಾನೂ ನಮ್ಮ ಕೂಸು ಲೊವ್ರೊನನ್ನು ಎತ್ತಿಕೊಂಡು ಹೋಗಿ ಕೂರುತ್ತಿದ್ದೆ. ರಾಜಧಾನಿ ಝಾಗ್ರೆಬ್‌ನಲ್ಲಿ ಓದಿ ಬೆಳೆದು ದ್ರಾವಾ ನದಿಯ ಈ ಮಂಜಿನೂರಿಗೆ ಸೊಸೆಯಾಗಿ ಬಂದವಳು ನಾನು. ಅವರಿವರ ಕಥೆ ಕೇಳುವಾಗಲೂ ಮಗುವಿನ ಕಾಲುಚೀಲ ಜಾರಿತೇನೋ, ಕಿಟಕಿಯಿಂದ ಗಾಳಿ ಬರುತ್ತಿದೆಯೇನೋ ಎಂದೇ ನನ್ನ ಜೀವ ಎಳೆಯುತ್ತಿತ್ತು.

ಯಾರೂ ಇಲ್ಲದವರಿಗೆ ಕ್ಲಬ್ಬು ಒಂದು ಬದಲಿ ಮನೆಯನ್ನು ಗೊತ್ತುಮಾಡುತ್ತದೆ, ವಾಸಕ್ಕಲ್ಲ, ಮನೆಯವರಂತೆ ಹೋಗಿಬರುವುದಕ್ಕೆ. ಹಿಂದಿನಿಂದ ಬಂದ ಪದ್ಧತಿ. ಹೆಂಡತಿ ತೀರಿಕೊಂಡ, ಕ್ಲಬ್ಬಿಗೆಲ್ಲ ಮಾವನಾದ ಪಾವೊ ಮಾವನಿಗೆ ಹೀಗೆಯೇ ಬೇಕರಿಯವರ ಮನೆ ಸಿಕ್ಕಿ, ಇವತ್ತಿಗೂ ಭಾನುವಾರದ ಊಟ ಅಲ್ಲಿಯೇ. ನೆವೆಂಕಾ ಆಸ್ಪತ್ರೆಯಿಂದ ಬಂದ ದಿನ ಕ್ಲಬ್ ನಡೆಸುವ ನರ್ಸ್ ಅಂಕಿತ್ಸಾ ಕೋಣೆಯನ್ನೆಲ್ಲ ಒಮ್ಮೆ ನೋಡಿ ನಮ್ಮ ಮೇಲೆ ಕಣ್ಣು ನಿಲ್ಲಿಸಿದರು.

"ದುನ್ಯಾ, ನಿಮ್ಮನೇಲಿ ಮಗು ಇದೆ. ಮನೆ ಗಲಗಲ ಅಂತಿರುತ್ತೆ. ಇವಳನ್ನ ನೀವೇ ನೋಡ್ಕೊಳಿ."

"ಸಿಸ್ಟರ್, ನನಗೆ ನನ್ನದೇ ಹಾಸಿ ಹೊದಿಯೋಷ್ಟಿದೆ..."

"ಅಯ್ಯೋ, ಹೆದರ್ಬೇಡ ಕಣಮ್ಮ," ಎಂದ ಪಾವೊ ಮಾವ. "ಬದಲಿ ಮನೆಯೋರ ಕೆಲಸ ಎರಡೇ. ಸೂಪ್ ಹಾಕೋದು, ಬೈಯೋದು. ನಂಗೆ ಎರಡೂ ಹೊಟ್ಟೆ ತುಂಬ ಸಿಕ್ತಿದೆ, ನೋಡು ಹೊಟ್ಟೆ!"

ತೊಡೆ ತಟ್ಟಿ ನಕ್ಕ, ಕೊನೆಗೊಂದು ಕೆಮ್ಮು ಕೆಮ್ಮಿದ. ನೆವೆಂಕಾಳೂ ತೊಡೆ ತಟ್ಟಿ ನಕ್ಕಳು, ಕೊನೆಗೆ ಅದೇ ಕೆಮ್ಮು ಕೆಮ್ಮಿದಳು. ಅಣಕಿಸುತ್ತಿದ್ದಾಳೆಂದುಕೊಂಡೆ. ಅವಳ ಮುಖದಲ್ಲಿ ಅಣಕವಿರಲಿಲ್ಲ.

ನಲವತ್ತು ದಾಟಿದ, ಬಡಕಲು ಮೈಯ, ಬಣ್ಣವೇ ಇಲ್ಲದ ಕೂದಲಿನ ಹೆಂಗಸು. ನದಿಯಾಚೆಯ ಹಳ್ಳಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿ ಬೆಳೆದವಳು. ಅಂಗಿ ಕಾರ್ಖಾನೆಯಲ್ಲಿ ತೋಳುಗಳನ್ನು ಹೊಲಿದು, ಅದು ಮುಚ್ಚಿದ ಮೇಲೆ ಶಾಲೆಯ ನೆಲ ಒರೆಸುತ್ತಿದ್ದಳು. ಕಟುಕನೊಬ್ಬನ ಜೊತೆ ಇದ್ದಷ್ಟು ಕಾಲ ಗಟ್ಟಿ ದನಿಯಲ್ಲಿ ಮಾಂಸದ ಮಾತು. ಆಮೇಲೆ ಅಕಾರ್ಡಿಯನ್ ನುಡಿಸುವವನ ಜೊತೆ ಸೇರಿದಾಗ ಕೆಂಪು ಸ್ಕರ್ಟು, ಮೆಲುದನಿ, ಹಾಡು. ಇಬ್ಬರೂ ಬಿಟ್ಟುಹೋದರು. ಪ್ರತಿ ಸಲವೂ ಪ್ಲಮ್ ಬ್ರಾಂದಿಯಲ್ಲಿ ಮುಳುಗಿದಳು, ಮಣಿಕಟ್ಟು ಕುಯ್ದುಕೊಂಡಳು. ಆಸ್ಪತ್ರೆಯವರು ಎರಡು ಸಲವೂ ಕುಡಿತದ ನಂಜಿಳಿಸಿ ಕಳಿಸಿಕೊಟ್ಟರು. ವ್ಯಕ್ತಿತ್ವದ್ದೇ ಒಂದು ಮಾನಸಿಕ ಕಾಯಿಲೆಯೂ ಇದೆ ಎಂದು ಅಲ್ಲಿನ ವೈದ್ಯೆ ಹೇಳಿದ್ದರಂತೆ. ನಮ್ಮ ಕ್ಲಬ್ಬಿನಲ್ಲಿ ಅಂಥ ಮಾತಿಗೆ ಕಿವಿಗೊಡುವವರಿಲ್ಲ. ಮೊದಲು ಕುಡಿತ ನಿಲ್ಲಲಿ, ಮಿಕ್ಕಿದ್ದು ತಾನೇ ಸರಿಹೋಗುತ್ತದೆ ಎನ್ನುವವರೇ ಎಲ್ಲ.

ಮೊದಮೊದಲು ನನಗೆ ಹಾಯೆನಿಸಿತು. ದಿನಾ ಬಂದು ಇಸ್ತ್ರಿ ಮಾಡುತ್ತಿದ್ದಳು, ಎಲೆಕೋಸು ಹೆಚ್ಚುತ್ತಿದ್ದಳು, ಕುಡಿತದ ಸುದ್ದಿಗೇ ಹೋಗಲಿಲ್ಲ. ಒಂದು ದಿನ, ಕೂದಲನ್ನು ಎಡಗಿವಿಯ ಹಿಂದೆ ಸಿಕ್ಕಿಸುವ ನನ್ನ ಚಾಳಿ ಅವಳ ಕೈಗೆ ಬಂದಿದ್ದು ಕಂಡೆ. ಆಮೇಲೆ ಅವಳ ಕೂದಲು ನನ್ನದಷ್ಟೇ ಉದ್ದಕ್ಕೆ ಬಂತು, ನನ್ನದೇ ಕಂದುಬಣ್ಣಕ್ಕೂ ತಿರುಗಿತು. ಊರಿನವರು ನಗುವ ನನ್ನ ಝಾಗ್ರೆಬ್ ರಾಗವೂ ಅವಳ ನಾಲಿಗೆಗೆ ಹತ್ತಿತು. ಅಂಕಿತ್ಸಾರಿಗೆ ಹೇಳಿದೆ.

"ಮೆಚ್ಕೊಂಡಿದ್ದಾಳೆ ಕಣೇ ನಿನ್ನ. ಕುಡಿದಿಲ್ಲ ತಾನೇ? ಮತ್ತೇನು ಬೇಕು?"

ನವೆಂಬರಿನ ಒಂದು ಮಧ್ಯಾಹ್ನ. ಮಂಜು ಎಷ್ಟು ಕವಿದಿತ್ತೆಂದರೆ ಹಗಲಲ್ಲೇ ದೀಪ ಹಚ್ಚಿದ್ದೆವು. ಮಹಡಿಯಲ್ಲಿ ಮಗುವಿನ ಬಟ್ಟೆ ಬದಲಾಯಿಸುತ್ತಿದ್ದ ನನಗೆ ಕೆಳಗೆ ಬಾಗಿಲ ಸದ್ದು, ತಿಹೊಮಿರನ ದನಿ ಕೇಳಿಸಿತು.

"ಇವತ್ತು ಸೇತುವೆ ಹತ್ರ ನಿಂತುಬಿಟ್ಟಿದ್ದೆ ಕಣೇ. ಆ ಹೆಂಡದಂಗಡಿ ಒಳಗೆ ಒಂದು ಕಾಲಿಟ್ಟಿದ್ದೆ. ವಾಪಸ್ ತೆಗ್ದೆ."

ನನಗಲ್ಲದೆ ಬೇರೆ ಯಾರಿಗೂ ಅವನು ಹೇಳುವ ಮಾತಲ್ಲ ಅದು. ಏನೆಂದು ಸಮಾಧಾನ ಹೇಳಲಿ ಎಂದು ಮೆಟ್ಟಿಲಿಳಿಯುವಷ್ಟರಲ್ಲಿ ಅಡುಗೆಮನೆಯಿಂದ ನನ್ನ ದನಿಯೇ ಉತ್ತರ ಕೊಟ್ಟಿತು.

"ತೆಗೆದ್ಯಲ್ಲ, ಅಷ್ಟು ಸಾಕು. ಕೈ ತೊಳ್ಕೊ, ಊಟ ಬಡಿಸ್ತೀನಿ."

ನಾನು ಹೇಳಲಿದ್ದದ್ದೂ ಅದನ್ನೇ. ಮಗುವನ್ನೆತ್ತಿಕೊಂಡೇ ಅಡುಗೆಮನೆಯ ಬಾಗಿಲಿಗೆ ಬಂದೆ. ಒಲೆಯ ಮುಂದೆ ಬೆನ್ನು ಮಾಡಿ ನಿಂತಿದ್ದ ನೆವೆಂಕಾ ತಿರುಗಿದಳು. ತಿಹೊಮಿರ್ ಅವಳನ್ನು ನೋಡಿದ, ನನ್ನನ್ನು ನೋಡಿದ, ಮೆಲ್ಲಗೆ ಗೋಡೆ ಹಿಡಿದ. ನನ್ನ ತೋಳಿನಲ್ಲಿ ರಚ್ಚೆ ಹಿಡಿದಿದ್ದ ಲೊವ್ರೊ ಅವಳತ್ತ ಕೈಚಾಚಿ ಸುಮ್ಮನಾದ.

ಆ ಗುರುವಾರ ಕ್ಲಬ್ಬಿನಲ್ಲಿ ತನ್ನ ಸರದಿ ಬಂದಾಗ ನೆವೆಂಕಾ ಎದ್ದು ನಿಂತಳು.

"ಮಗು ಮಲಗಿದ್ಮೇಲೆ ಅದರ ಮೂಗಿನ ಹತ್ರ ಬೆರಳಿಟ್ಟು ನೋಡ್ತೀನಿ, ಉಸಿರಾಡ್ತಿದೆಯಾ ಅಂತ. ಗಂಡ ಕುಡಿಯೋದು ಬಿಟ್ಟಿದ್ದಾನೆ, ನಂಬಿಕೆ ಬರ್ತಿಲ್ಲ. ಅವನು ಬಿದ್ದುಹೋದ್ರೆ ಈ ಊರಲ್ಲಿ ನಾನೇನು ಮಾಡ್ಲಿ?"

ಮಗುವಿನ ಮೂಗಿಗೆ ಬೆರಳಿಡುವುದನ್ನು ನಾನು ಯಾರಿಗೂ ಹೇಳಿರಲಿಲ್ಲ. ತಿಹೊಮಿರನಿಗೂ.

"ಯಾವ ಗಂಡನೇ ತಾಯಿ?" ಎಂದ ಪಾವೊ ಮಾವ. "ನಮಗೊಂದು ತುಂಡು ಕೇಕೂ ಕೊಡ್ದೆ ಮದುವೆ ಆಗ್ಬಿಟ್ಯಾ?"

ಯಾರೂ ನಗಲಿಲ್ಲ. ಏಕೆ ನಗುತ್ತಿಲ್ಲವೆಂದು ತಿಳಿಯದೆ ನೆವೆಂಕಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಯಾರ ಮುಖ ನೋಡಿದರೆ ಅವರ ಕಣ್ಣಿನ ಭಯವೇ ಅವಳ ಕಣ್ಣಿಗೂ ಬಂತು.

ಸೋಮವಾರ ಅಂಕಿತ್ಸಾ ಆಸ್ಪತ್ರೆಯ ಆ ವೈದ್ಯೆಯನ್ನು ಕಂಡುಬಂದವರು ನೇರ ನಮ್ಮ ಮನೆಗೆ ಬಂದು ಕೂತರು. ಇಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ.

"ಎರಡು ಕಾಯಿಲೆನೂ ಒಟ್ಟಿಗೇ ನೋಡ್ಬೇಕಿತ್ತಂತೆ. ನಾವು ಬಾಟಲಿ ಕಿತ್ಕೊಂಡ್ವಿ. ಖಾಲಿಯಾದ ಜಾಗಕ್ಕೆ ಅವಳು ನಿನ್ನ ತುಂಬ್ಕೊಂಡಳು. ನಾನೇ ಕೈಯಾರೆ ಕೊಟ್ಟೆ ನಿನ್ನ."

"ನಾಳೆಯಿಂದ ಬರ್ಬೇಡ ಅಂತ ಹೇಳ್ಬಿಡ್ಲಾ?"

"ಹಂಗೆ ಅಟ್ಟಿದ್ರೆ ಕುಡೀತಾಳೆ ದುನ್ಯಾ. ಕುಡಿದ್ರೆ ಈ ಸಲ ಕೈ ಕುಯ್ಕೊಂಡು ಉಳಿಯಲ್ಲ. ಪೂರ್ತಿ ಬಾಗಿಲು ತೆಗೆದಿಟ್ರೂ ಅವಳು ಉಳಿಯಲ್ಲ, ನೀನಾಗ್ಬಿಡ್ತಾಳೆ. ಅವಳು ವೈದ್ಯರ ಹತ್ರ ವಾರಾವಾರ ಹೋಗ್ಲಿ. ಇಲ್ಲಿಗೆ ಒಂದೇ ದಿನ, ಒಂದೇ ಹೊತ್ತು. ಆ ಹೊತ್ತನ್ನ ಮಾತ್ರ ನೀನು ಯಾವತ್ತೂ ತಪ್ಪಿಸೋ ಹಾಗಿಲ್ಲ."

ಮರುದಿನ ನೆವೆಂಕಾ ಬಂದಾಗ ಗೇಟಿನ ಬಳಿಯೇ ಹೇಳಿದೆ: ಶನಿವಾರ ಮೂರು ಗಂಟೆಗೆ ಮಾತ್ರ ಬಾ.

"ನೀನೂ ಬಿಟ್ಟುಹೋದ ಅವರ ಹಾಗೇ!" ಎಂದು ಅರಚಿದಳು. ನನ್ನ ದನಿಯೇ ನನ್ನನ್ನು ಬೈಯುವುದನ್ನು ಕೇಳುತ್ತ ನಿಂತೆ. "ನೀನೆಂಥ ತಾಯಿ? ಮಗು ಸುಮ್ನಾಗೋದು ನನ್ನ ಹತ್ರ, ನಿನ್ನ ಹತ್ರ ಅಲ್ಲ. ಸಾಯಿ ಹೋಗು!" ಮರುಗಳಿಗೆಯಲ್ಲೇ ಗೇಟಿನ ಸರಳುಗಳನ್ನು ಹಿಡಿದುಕೊಂಡಳು. "ಈಗ ನಾನು ಮನೆಗೆ ಹೋಗಿ ಏನ್ಮಾಡ್ಲಿ ಹೇಳು. ಅಲ್ಲಿ ಯಾರೂ ಇಲ್ಲ. ನಾನೂ ಇಲ್ಲ ಅಲ್ಲಿ."

ಅಲ್ಲಿಂದ ಶನಿವಾರದವರೆಗೆ ಫೋನನ್ನು ಕೈಬಿಡದೆ ಓಡಾಡಿದೆ. ಪಾವೊ ಮಾವ ಸಂಜೆಯ ವಾಕಿಂಗಿಗೆಂದು ಅವಳ ಕಿಟಕಿಯ ಮುಂದೆ ಹಾದು ಬಂದು ವರದಿ ಒಪ್ಪಿಸುತ್ತಿದ್ದ. "ದೀಪ ಉರೀತಿದೆ. ಕುರ್ಚಿ ಮೇಲೆ ಕೂತಿದ್ದಾಳೆ. ನಾನು ಕೈ ಬೀಸ್ದೆ, ಕಣ್ಣು ಸಹ ಪಿಳುಕಿಸ್ಲಿಲ್ಲ ಮಾರಾಯ್ತಿ. ಮೇಣದ ಬೊಂಬೆ ಹಾಗೆ."

ಶನಿವಾರ ಮೂರಕ್ಕೆ ಬಾಗಿಲ ಗಂಟೆ ಸದ್ದಾಯಿತು. ಬಾಗಿಲು ತೆಗೆದವಳೇ ಕುಡುಕರ ಮನೆಯವರೆಲ್ಲ ಮಾಡುವಂತೆ ಬಾಗಿ ಅವಳ ಉಸಿರನ್ನು ಮೂಸಿದೆ. ಬ್ರಾಂದಿಯ ವಾಸನೆಯಿರಲಿಲ್ಲ, ಹೊರಗಿನ ಮಂಜಿನ ತಣ್ಣನೆ ವಾಸನೆಯಷ್ಟೇ.

ಮೇಜಿನ ಮುಂದೆ ಕೂತಳು. "ಚಹಾ ಯಾವುದು ಮಾಡ್ಲಿ? ಪುದೀನದ್ದಾ, ಕ್ಯಾಮೊಮೈಲ್ ಹೂವಿಂದಾ?" ಎಂದೆ.

"ನಿಂಗ್ಯಾವುದೋ ನಂಗೂ ಅದೇ."

"ನಾನು ಕುಡೀತಿಲ್ಲ. ನಿಂಗೇನು ಬೇಕು?"

ನಾನು ನೋಡುತ್ತಿದ್ದಂತೆಯೇ ಅವಳ ಮುಖದಿಂದ ನಾನು ಇಳಿದುಹೋದೆ. ಕತ್ತಿನ ಓರೆ ಹೋಯಿತು, ಹುಬ್ಬಿನ ಗಂಟು ಹೋಯಿತು, ಕಿವಿಯತ್ತ ಏರಿದ್ದ ಕೈ ಅರ್ಧದಲ್ಲೇ ಮರೆತು ನಿಂತಿತು. ಸಾಮಾನು ಸಾಗಿಸಿದ ಮನೆಯ ಗೋಡೆಯ ಹಾಗೆ ಒಂದು ಮುಖ ಉಳಿಯಿತು. ಇಷ್ಟು ಖಾಲಿಯಾದ ಮುಖವನ್ನು ಅದುವರೆಗೆ ನಾನು ನೋಡಿರಲಿಲ್ಲ. ಏನಾದರೂ ಹೇಳಿ ಅದನ್ನು ತುಂಬಿಬಿಡೋಣ ಎಂದು ನಾಲಿಗೆ ತುದಿಗೆ ಬಂದದ್ದನ್ನು, ಲೊವ್ರೊನನ್ನು ಎದೆಗೊತ್ತಿಕೊಂಡು ನುಂಗಿಕೊಂಡೆ. ಕೆಟಲಿನ ನೀರು ಕುದಿದು ಸುಮ್ಮನಾಯಿತು.

"ಪುದೀನ ನಂಗಾಗಕಿಲ್ಲ."

ಅವಳ ಬಾಯಿಂದ ದಪ್ಪ ದನಿ, ಒರಟು, ನದಿಯಾಚೆಯ ಹಳ್ಳಿಯ ರಾಗ. ಬಾವಿಯೊಳಗಿಂದ ಯಾರೋ ಕೂಗಿದಂತಿತ್ತು. "ಚಿಕ್ಕವ್ವ ಅದ್ನೇ ಕುಡ್ಸೋಳು, ಹೊಡ್ದಾದ್ಮೇಲೆ. ಇನ್ನೊಂದು ಕೊಡು."

ಆ ದನಿಯನ್ನು ಎಂದೂ ಕೇಳಿರದ ಲೊವ್ರೊ ಕಿಟ್ಟನೆ ಕಿರುಚಿ ನನ್ನ ಕತ್ತಿನಲ್ಲಿ ಮುಖ ಹುದುಗಿಸಿದ. ಅವಳೂ ಬೆಚ್ಚಿ ತನ್ನ ಗಂಟಲು ಮುಟ್ಟಿಕೊಂಡಳು. ಮಗುವಿನತ್ತ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡು ಮಡಿಲಲ್ಲಿಟ್ಟುಕೊಂಡಳು.

"ಹೆದ್ರಿಸ್ಬುಟ್ನಾ?"

"ಹೂಂ. ನಂಗೂ ಹೆದ್ರಿಕೆ ಆಯ್ತು."

"ನಂಗೂವೆ," ಎಂದಳು. ಅಳುತ್ತಿದ್ದ ಮಗುವಿನತ್ತ ನೋಡಿದಳು. "ಮುಂದಿನ ಸನಿವಾರಾನೂ ಅಳ್ತದೇನೋ."

"ಅಳ್ಲಿ ಬಿಡು. ನೀನು ಬಾ," ಎಂದು ಕ್ಯಾಮೊಮೈಲಿಗೆ ನೀರು ಮತ್ತೆ ಕಾಯಲಿಟ್ಟೆ.