ಗೋಡೆಗೇರಿದ ನೆಲ

ನಮ್ಮ ಪಕ್ಕದ ಮನೆಯ ಸೋಮಯ್ಯನದು ಪಂಪ್‌ಸೆಟ್ ರಿಪೇರಿ ಕಸುಬು. ಬೆಳಿಗ್ಗೆ ಲೂನಾ ಹತ್ತಿದರೆ ಪಾಂಡವಪುರದ ಕಡೆಯ ಗದ್ದೆಗಳನ್ನೆಲ್ಲ ಸುತ್ತಿ ಬಾಬುರಾಯನಕೊಪ್ಪಲಿಗೆ ವಾಪಸಾಗುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗುತ್ತಿತ್ತು. ಆಮೇಲೂ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಒಂದು ಸಲ ನಮ್ಮ ಮಿಕ್ಸಿಯನ್ನು, ಅದು ಚೆನ್ನಾಗಿಯೇ ತಿರುಗುತ್ತಿದ್ದರೂ, ಸದ್ದು ಸರಿಯಿಲ್ಲವೆಂದು ಬಿಚ್ಚಿ ಹರಡಿದ. ನಾನು ಎರಡು ದಿನ ಒರಳುಕಲ್ಲಿನಲ್ಲಿ ರುಬ್ಬಿಕೊಂಡು ಅವನಿಗೆ ಶಾಪ ಹಾಕಿದೆ.

ಇಂಥ ಸೋಮಯ್ಯನಿಗೂ ಬಗ್ಗದ ಒಂದು ತಾಪತ್ರಯವಿತ್ತು. ಅವನ ತಾಯಿ ಮಾಯಮ್ಮಜ್ಜಿ ಅವನ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಸಂತೆಬಾಚಹಳ್ಳಿಯ ಹಿರಿಮಗನ ಮನೆಯಿಂದ ಕೆ.ಆರ್. ಪೇಟೆ ಬಸ್ಸು ಹಿಡಿದು ಬರುವಳು, ಹಿಂದಿನ ಕೋಣೆಯಲ್ಲಿ ನಾಲ್ಕು ದಿನ ಇರುವಳು, ಐದನೆಯ ದಿನ ಚೀಲ ಕಟ್ಟುವಳು. ಏನವ್ವ ಅಂದರೆ, ಗೋಡೆ ಬೆವರುತ್ತದೆ, ನನಗೆ ಉಬ್ಬಸ ಬರುತ್ತದೆ ಅನ್ನುವಳು. ಮನೆಯ ಹಿಂದೆಯೇ ನಾಲೆ ಇದ್ದುದರಿಂದ ಗೋಡೆಯಲ್ಲಿ ತೇವ ಇದ್ದದ್ದು ನಿಜವೇ. ಸೋಮಯ್ಯ ಸಿಮೆಂಟು ಮೆತ್ತಿದ, ಟಾರು ಬಳಿದ. ಏನು ಮಾಡಿದರೂ ಐದನೆಯ ದಿನ ಚೀಲ ಸಿದ್ಧವಾಗುತ್ತಿತ್ತು. ತಾಯಿ ತನ್ನ ಹತ್ತಿರ ಇರಬೇಕೆಂದು ಅವನಿಗೆ ಎಷ್ಟು ಆಸೆಯಿತ್ತೆಂದರೆ, ಅವಳನ್ನು ಬಸ್ಸು ಹತ್ತಿಸಿ ಬಂದ ದಿನ ಅವನು ಊಟ ಬಿಡುತ್ತಿದ್ದ.

ತೊಂಬತ್ತೈದರಲ್ಲಿ ಶ್ರೀರಂಗಪಟ್ಟಣದ ಹೊಳೆದಂಡೆಯ ಒಂದು ಹಳೇ ಬಂಗಲೆ ಕೆಡವಿದರು. ಅದರ ಮಹಡಿಯ ನೆಲವೆಲ್ಲ ತೇಗದ ಹಲಗೆ. ಕೆಡವಿಸುತ್ತಿದ್ದವನ ಪಂಪನ್ನು ಸರಿಮಾಡಿಕೊಟ್ಟ ಸೋಮಯ್ಯ ಅದಕ್ಕೆ ಬದಲಾಗಿ ಎರಡು ಗಾಡಿ ಹಲಗೆ ಹೇರಿಕೊಂಡು ಬಂದ. ನೆಲಕ್ಕೆ ಹಾಕಿಸುತ್ತೀಯಾ ಅಂತ ನಾನು ಕೇಳಿದ್ದಕ್ಕೆ ನನ್ನನ್ನು ದುರುಗುಟ್ಟಿ ನೋಡಿದ. ತೇಗವೆಂದರೆ ಬಾಗಿಲುವಾಡದ ಮರ, ಅರಿಶಿನ ಕುಂಕುಮ ಇಟ್ಟು ಕೈಮುಗಿಯುವ ಮರ, ಅದನ್ನು ತುಳಿಯುವುದುಂಟೇ? ಇಳಿಸುವಾಗ ಪಾದ ತಗುಲಿದ ಹಲಗೆಯನ್ನೆಲ್ಲ ಮುಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಂಡ. ಎರಡು ಗಾಡಿ ಇಳಿಯುವಷ್ಟರಲ್ಲಿ ಅವನ ರೆಪ್ಪೆಯೆಲ್ಲ ಧೂಳು.

ಅವನ ಉಪಾಯವೇ ಬೇರೆಯಿತ್ತು. ಬಡಗಿ ದಾಸಯ್ಯನನ್ನು ಕರೆಸಿ, ಹಿಂದಿನ ಕೋಣೆಯ ಗೋಡೆಗೆ ಮೊದಲು ರೀಪರಿನ ಮರದ ಪಟ್ಟಿ ಹೊಡೆಸಿ, ಹಿಂದೆ ಗಾಳಿಯಾಡುವಂತೆ ಸಂದು ಬಿಟ್ಟು, ಅದರ ಮೇಲೆ ಹಲಗೆ ಕೂರಿಸಿದ. ಒಂದರ ಅಂಚು ಇನ್ನೊಂದರ ಸೀಳಿನೊಳಗೆ ಸೇರಿಕೊಂಡು ನಾಲ್ಕು ಗೋಡೆಯೂ ಒಂದೇ ಮರದ ಹಾಗೆ ಕಂಡಿತು. ಉಳಿದ ಹಲಗೆ ಮಂಚದ ತಲೆದಿಕ್ಕಿಗೆ, ಗೂಡಿನ ಬಾಗಿಲಿಗೆ, ಹೆಂಚಿನ ಕೆಳಗಿನ ಚಾವಣಿಗೆ ಹೋಯಿತು. ನಮಗೆಲ್ಲ ಅವನದು ಒಂದೇ ಕಟ್ಟಪ್ಪಣೆ. ಇದು ಬೂಟುಗಾಲಿನವರು ತುಳಿದಾಡಿದ ಹಲಗೆ ಎಂದು ಅವ್ವನಿಗೆ ತಿಳಿಯಕೂಡದು. ತಿಳಿದರೆ ಅದಕ್ಕೆ ತಲೆ ಒರಗಿಸುವುದಿರಲಿ, ಆ ಕೋಣೆಯಲ್ಲಿ ನೀರೂ ಕುಡಿಯುವುದಿಲ್ಲ. ಬೀದಿಯವರೆಲ್ಲ ತುಟಿ ಹೊಲಿದುಕೊಂಡೆವು.

ಮಾಯಮ್ಮಜ್ಜಿ ಬಂದಳು. ಗೋಡೆಯ ಮೇಲೆ ಕೈಯಾಡಿಸಿದಳು, ಏನೂ ಕೇಳಲಿಲ್ಲ. ಐದನೆಯ ದಿನ ಕಳೆಯಿತು, ಹತ್ತನೆಯದೂ ಕಳೆಯಿತು. ಸೋಮಯ್ಯ ದಿನಾ ಸಂಜೆ ಬಂದವನೇ ಹಲಗೆ ತಟ್ಟಿ, ಸಂದಿಗೆ ಮೂಗಿಟ್ಟು ಮೂಸಿ, ಒಣಗೇ ಇದೆ ಎಂದು ಬೀಗುತ್ತ ಕೈಕಾಲು ತೊಳೆಯಲು ಹೋಗುತ್ತಿದ್ದ.

ಇತ್ತ ಮರದ ಕೋಣೆ ನೋಡಲು ಜನ ಬರತೊಡಗಿದರು. ಮೊದಲು ನಮ್ಮ ಬೀದಿ, ಆಮೇಲೆ ಗಂಜಾಮಿನವರು, ಕೊನೆಗೆ ನಾಗಮಂಗಲದಿಂದ ಸೋಮಯ್ಯನ ಹೆಂಡತಿ ಅಣ್ಣಮ್ಮನ ತವರಿನವರೂ ಬಂದರು. ಅಜ್ಜಿ ಮಂಚದ ಮೇಲೆ ಕೂತು ಎಲ್ಲರಿಗೂ ಎಲೆಅಡಿಕೆ ಕೊಟ್ಟು, ಇದು ಸಂತೆಬಾಚಹಳ್ಳಿಯ ನಮ್ಮ ಹೊಲದ ಬದುವಿನಲ್ಲಿ ನಮ್ಮ ಯಜಮಾನರು ನೆಟ್ಟಿದ್ದ ತೇಗ ಎಂದು ಹೇಳುತ್ತಿದ್ದಳು. ದಿನದಿನಕ್ಕೆ ಆ ಮರ ದಪ್ಪವಾಗುತ್ತಿತ್ತು. ಒಂದು ಮಧ್ಯಾಹ್ನ ಅದನ್ನು ತಬ್ಬಲು ಮೂವರು ಬೇಕಾದರು. ನಿಜ ಗೊತ್ತಿದ್ದ ನಾವು, ಯಾರೋ ಪಾಪ ಅಜ್ಜಿಗೆ ಹೀಗೆ ಹೇಳಿ ನಂಬಿಸಿದ್ದಾರೆ ಅಂದುಕೊಂಡು ಹೂಂಗುಟ್ಟುತ್ತಿದ್ದೆವು. ನಾನಂತೂ ಹೂ ಕಟ್ಟುವ ಕೆಲಸವನ್ನೂ ಅಲ್ಲಿಗೇ ಒಯ್ಯುತ್ತಿದ್ದೆ.

ಎರಡು ತಿಂಗಳಾದ ಮೇಲೆ ಒಂದು ಸಂಜೆ ದಾಸಯ್ಯ ಗೂಡಿನ ಬಾಗಿಲು ಬಿಗಿಮಾಡಲು ಬಂದ. ಯಾರೋ ಅವನ ಕೆಲಸವನ್ನು ಹೊಗಳಿದರು. ಉಬ್ಬಿಹೋದ ದಾಸಯ್ಯ, ನೆಲಕ್ಕೆ ಹಾಕಿದ್ದ ಹಲಗೆಯನ್ನು ಎಬ್ಬಿಸಿ ಗೋಡೆಗೆ ನಿಲ್ಲಿಸುವುದೆಂದರೆ ಹುಡುಗಾಟವಲ್ಲ ಎಂದುಬಿಟ್ಟ. ಆಗಷ್ಟೇ ಲೂನಾ ನಿಲ್ಲಿಸಿ ಒಳಗೆ ಬಂದ ಸೋಮಯ್ಯನ ಮುಖ ಬಿಳಿಚಿಕೊಂಡಿತು. ನಾನು ಹೂವಿನ ಎಳೆ ಹರಿದುಕೊಂಡೆ.

"ಅವ್ವ, ನಾಳೇನೇ ಎಲ್ಲಾ ಕೀಳಿಸ್ಬುಡ್ತೀನಿ. ನೀನು ಮಾತ್ರ ಓಗ್ಬ್ಯಾಡ."

ಮಾಯಮ್ಮಜ್ಜಿ ನಕ್ಕಳು. ಗೋಡೆಯಲ್ಲಿ ತನ್ನ ತಲೆಯ ಪಕ್ಕದಲ್ಲಿದ್ದ ಒಂದು ಗುಂಡನೆಯ ಗುಳಿಯನ್ನು ಬೆರಳಿಂದ ತೋರಿಸಿದಳು.

"ಬಂದ್ ದಿನ್ವೇ ಗೊತ್ತಾಯ್ತು ಕಣ್ಲಾ. ಇಲ್ನೋಡು, ಮೇಜಿನ ಕಾಲಿನ ಗುರ್ತು. ಗೋಡೆ ಮ್ಯಾಲೆ ಯಾವನ್ಲಾ ಮೇಜು ಆಕ್ತಾನೆ?"

ಮತ್ತೆ ಯಾಕೆ ಸುಮ್ಮನಿದ್ದೆ, ಹೊಲದ ತೇಗ ಅಂತ ಯಾಕೆ ಸುಳ್ಳು ಹೇಳಿದೆ ಎಂದು ಸೋಮಯ್ಯ ತಡವರಿಸಿದ. ನಿಜ ಹೇಳಿದ್ದರೆ ನೀನು ಕಿತ್ತು ಹಾಕುತ್ತಿದ್ದೆ, ಆಮೇಲೆ ಇವರೆಲ್ಲ ಏನು ನೋಡಲು ಬರುತ್ತಿದ್ದರು ಎಂದಳು ಅಜ್ಜಿ. ನಮ್ಮ ಕಡೆ ಒಮ್ಮೆ ನೋಡಿ, ಮತ್ತೆ ಮಗನ ಕಡೆ ತಿರುಗಿದಳು.

"ಗೋಡೆ ಬೆವರ್ತದೆ ಅನ್ನೋದು ಒಂದು ನೆಪ ಕಣ್ಲಾ ಸೋಮ. ಈ ರೂಮ್ನಾಗೆ ನಾನೊಬ್ಳೇ ಕೂತಿರ್ತಿದ್ದೆ. ನೀನು ಬತ್ತಿದ್ದೆ, ಗೋಡೆ ಮುಟ್ಟಿ ನೋಡ್ತಿದ್ದೆ, ಓಗ್ತಿದ್ದೆ. ಇವತ್ಗೂ ಅಂಗೇಯ. ನನ್ನ ಮಕ ಯಾವತ್ಲಾ ನೋಡ್ದೆ?"

ಪಕ್ಕದ ಮನೆಯಲ್ಲೇ ಇದ್ದ ನಾನೂ ಹಲಗೆ ಹಾಕಿಸುವ ಮೊದಲು ಎಷ್ಟು ಸಲ ಬಂದಿದ್ದೆ ಎಂದು ನೆನೆದು ನನಗೆ ನಾಚಿಕೆಯಾಯಿತು. ದಾಸಯ್ಯ ಉಳಿ ಚೀಲಕ್ಕೆ ಹಾಕಿಕೊಂಡು ಎದ್ದ, ನಾವೂ ಎದ್ದೆವು.

ಹೊರಡುವಾಗ ತಿರುಗಿ ನೋಡಿದರೆ ಸೋಮಯ್ಯ ಇನ್ನೂ ಗ್ರೀಸಿನ ಕೈಯಲ್ಲೇ ತಾಯಿಯ ಮಂಚದ ಪಕ್ಕ ಕೂತಿದ್ದ. ಆಮೇಲೆ ಅಣ್ಣಮ್ಮ ಅಡುಗೆಮನೆಯಿಂದ ಊಟಕ್ಕೆ ಕೂಗಿದಾಗ, ಎರಡು ತಟ್ಟೆಯನ್ನೂ ಇಲ್ಲಿಗೇ ತಾ ಎಂದು ಅವನು ಹೇಳಿದ್ದು ನನ್ನ ಮನೆಯವರೆಗೂ ಕೇಳಿಸಿತು.