ಡೆಲ್ಮರ್ ಫೋಗಲ್ ಮತ್ತು ನಡುಮಧ್ಯದ ಓಟ

ಕ್ಯಾಲ್ಡರ್ ಊರಿನಲ್ಲಿ ಕಾರು ಓಡಿಸುವವರಲ್ಲಿ ಅರ್ಧಕ್ಕರ್ಧ ಜನ ಡೆಲ್ಮರ್ ಫೋಗಲ್‌ನಿಂದ ಬೈಸಿಕೊಂಡೇ ಕಲಿತವರು. ಹೈಸ್ಕೂಲಿನಲ್ಲಿ ಅವನು ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ನಮ್ಮ ಅಮೆರಿಕದ ಫುಟ್‌ಬಾಲ್ ಕೋಚ್. ಆದರೆ ನಮ್ಮ ಕಡೆಯ ಸಣ್ಣ ಊರುಗಳಲ್ಲಿ ಬರೀ ಕೋಚ್ ಅಂತ ಯಾರನ್ನೂ ಕೂರಿಸಿ ಸಂಬಳ ಕೊಡುವುದಿಲ್ಲ, ಜೊತೆಗೊಂದು ಪಾಠವನ್ನೂ ಮಾಡಬೇಕು. ಡೆಲ್ಮರ್ ಪಾಲಿಗೆ ಬಂದದ್ದು ಡ್ರೈವಿಂಗ್ ಪಾಠ. ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಡಿಯ ಎರಡನೇ ಬ್ರೇಕಿನ ಮೇಲೆ ಬೂಟು ಇಟ್ಟುಕೊಂಡು, ಮೂಗಿನಿಂದ ಹೊರಡುವ ಆ ಒರಟು ದನಿಯಲ್ಲಿ "ಅವಸರ ಬೇಡ ಮಗಾ, ಕನ್ನಡಿ ನೋಡ್ಕೊ" ಎನ್ನುತ್ತಿದ್ದ. ಮೊಮ್ಮಕ್ಕಳನ್ನು ಕಂಡವರಿಗೂ ಇವತ್ತು ನಾಲ್ಕು ರಸ್ತೆ ಕೂಡುವಲ್ಲಿ ಬ್ರೇಕ್ ಒತ್ತಿದರೆ ಆ ದನಿ ಕಿವಿಯಲ್ಲಿ ಕೇಳುತ್ತದೆ.

ಮೈದಾನದಲ್ಲೂ ಅವನದು ಅದೇ ಧೋರಣೆ. ಚೆಂಡು ಕೈಗೆ ಬಂತೇ, ಹತ್ತು ಗಜ ಮುಂದೆ ಸಾಗಲು ನಾಲ್ಕು ಯತ್ನ, ಅದರಲ್ಲಿ ಮೊದಲ ಯತ್ನದಲ್ಲಿ ಎಸೆಯುವ ಮಾತೇ ಇಲ್ಲ. ಒಬ್ಬ ದಪ್ಪ ಹುಡುಗನ ಹೊಟ್ಟೆಗೆ ಚೆಂಡು ತುರುಕಿ ನಡುಮಧ್ಯಕ್ಕೆ ನುಗ್ಗಿಸು. ಎರಡು ಗಜ ಸಿಕ್ಕಿದರೂ ಸಿಕ್ಕಿತು, ಎದುರಿನವನ ಪಕ್ಕೆಯಾದರೂ ನೋಯುತ್ತದೆ. ಈ ಒಂದು ಓಟದಿಂದಲೇ ಹೈಸ್ಕೂಲು ಕಪ್ ಗೆದ್ದ ಕಾಲವೂ ಇತ್ತು. ಅವನ ಮಗ ಗ್ರೇಡಿ ಅದನ್ನು ಊಟದ ಮೇಜಿನ ಮೇಲೆ ಉಪ್ಪಿನ ಕುಡಿಕೆ, ಮೆಣಸಿನ ಕುಡಿಕೆ ಜೋಡಿಸಿ ಕಲಿತವನು. ದೊಡ್ಡವನಾಗಿ ಅವನೂ ಕೋಚ್ ಆದ. ಊರೂರು ಅಲೆದು, ಕೊನೆಗೆ ನಮ್ಮ ಕ್ಯಾಲ್ಡರ್ ಕಾಲೇಜಿಗೇ ದಾಳಿಯ ಕೋಚ್ ಆಗಿ ಬಂದಾಗ, ಡೆಲ್ಮರ್ ಚರ್ಚಿನಲ್ಲಿ ಎದ್ದು ನಿಂತು ದೇವರಿಗೆ ಗಟ್ಟಿಯಾಗಿ ಥ್ಯಾಂಕ್ಸ್ ಹೇಳಿದ್ದ. ಮೊಮ್ಮಗಳು ಟೆಸ್ಸಾ ಈಗ ಸೈಕಲ್ ತುಳಿದುಕೊಂಡು ಅಜ್ಜಿಯ ಮನೆಗೆ ಬರುವಷ್ಟು ಹತ್ತಿರ ಇದ್ದಳು.

ದಾಳಿಯ ಕೋಚ್ ಎಂದರೆ ಕ್ರೀಡಾಂಗಣದ ನೆತ್ತಿಯ ಗಾಜಿನ ಕೋಣೆಯಲ್ಲಿ ಕೂತು, ಪ್ರತಿ ಸಲವೂ ಚೆಂಡನ್ನು ಓಡಿಸಬೇಕೋ ಎಸೆಯಬೇಕೋ ಎಂದು ಕೆಳಗೆ ಹೇಳಿ ಕಳಿಸುವವನು. ಗೆದ್ದರೆ ಅವನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಸೋತರೆ ಊರಿನಲ್ಲಿ ಬೇರೆ ಯಾರ ಹೆಸರೂ ಇರುವುದಿಲ್ಲ. ಆ ವರ್ಷ ನಮ್ಮ ಕೊಕ್ಕರೆಗಳು (ಕಾಲೇಜಿನ ಲಾಂಛನವೇ ಕೊಕ್ಕರೆ, ಯಾವ ಪುಣ್ಯಾತ್ಮ ಆರಿಸಿದನೋ) ಸೋಲಲೆಂದೇ ಹುಟ್ಟಿದಂತೆ ಸೋತರು. ಮೊದಲ ಯತ್ನಕ್ಕೆ ನಡುಮಧ್ಯದ ಓಟ, ಒಂದು ಗಜ. ಎರಡನೆಯದಕ್ಕೂ ಅದೇ. ಮೂರನೆಯದಕ್ಕೆ ಬೇರೆ ಗತಿಯಿಲ್ಲದೆ ಎಸೆತ, ಅದು ನೆಲಕ್ಕೆ. ಆಮೇಲೆ ಚೆಂಡನ್ನು ಎದುರಿನವರಿಗೆ ಒದ್ದುಕೊಟ್ಟು ತಲೆ ತಗ್ಗಿಸಿ ಬರುವುದು.

ಲೋನಿಯ ಕ್ಷೌರದಂಗಡಿಯಲ್ಲಿ ಇದೇ ಮಾತು. ಹುಡುಗರಿಗೆ ಕಸುವಿಲ್ಲ, ಗ್ರೇಡಿ ಏನು ಮಾಡಿಯಾನು ಎಂದು ಒಬ್ಬ. ಕಸುವಿಲ್ಲ ಎಂದು ಗೊತ್ತಿದ್ದ ಮೇಲೆ ಗೋಡೆಗೆ ತಲೆ ಚಚ್ಚುವುದು ಯಾಕೆ, ಎಸೆಯಲಿ ಎಂದು ಇನ್ನೊಬ್ಬ. ಮುಂದೇನು ಮಾಡುತ್ತಾರೆಂದು ಎದುರು ತಂಡದವರ ಅಜ್ಜಿಗೂ ಗೊತ್ತು ಎಂದು ಲೋನಿ ಕತ್ತರಿ ಆಡಿಸುತ್ತಲೇ ಹೇಳುವನು. ಡೆಲ್ಮರ್ ಬಾಗಿಲು ತೆಗೆದರೆ ಎಲ್ಲರೂ ಒಟ್ಟಿಗೆ ಹವಾಮಾನ ಮಾತಾಡಲು ಶುರುಮಾಡುತ್ತಿದ್ದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಆ ಮರ್ಯಾದೆಯೇ ಅವನಿಗೆ ಮೈ ಉರಿಸುತ್ತಿತ್ತು. ಅವನು ಕೂದಲು ಕತ್ತರಿಸಿಕೊಳ್ಳುವುದನ್ನೇ ಬಿಟ್ಟ. ಹೆಂಡತಿ ರೊವೀನಾ ಅಡುಗೆಮನೆಯಲ್ಲಿ ಕುರ್ಚಿ ಹಾಕಿ, ಬಾಚಣಿಗೆ ಹಿಡಿದು, ಅಡ್ಡಾದಿಡ್ಡಿ ಕತ್ತರಿಸಿದಳು.

ರೇಡಿಯೊದವರಿಗೆ ಆ ಮರ್ಯಾದೆಯೂ ಇರಲಿಲ್ಲ. ಸೋಮವಾರ ಸಂಜೆ ರಸ್ಟಿ ಎಂಬವನು ನಡೆಸುವ ಕಾರ್ಯಕ್ರಮಕ್ಕೆ ಯಾರು ಬೇಕಾದರೂ ಫೋನ್ ಮಾಡಬಹುದು. ಮಾಡಿದವರೆಲ್ಲ ಗ್ರೇಡಿಯ ತಲೆದಂಡವನ್ನೇ ಕೇಳಿದರು. ಗ್ರೇಡಿಯ ಕರಾರು ಆ ಋತುವಿನ ಕೊನೆಗೆ ಮುಗಿಯುತ್ತಿತ್ತು. ಮುಂದುವರಿಸುವುದೂ ಬಿಡುವುದೂ ಮುಖ್ಯ ಕೋಚ್ ಹಕಬಿಯ ಕೈಯಲ್ಲಿತ್ತು. ಹಕಬಿ ರೇಡಿಯೊ ಕೇಳುವುದಿಲ್ಲ ಎಂದು ಹೇಳಿಕೊಳ್ಳುತ್ತಿದ್ದ, ಆದರೆ ಅವನ ಪಿಕಪ್ಪಿನಲ್ಲಿ ಆ ಸ್ಟೇಷನ್ನೇ ಹಾಡುತ್ತಿರುವುದನ್ನು ಊರೇ ಕಂಡಿತ್ತು. ಕರಾರು ಹೋದರೆ ಗ್ರೇಡಿ ಹೆಂಡತಿ ಮಗಳನ್ನು ಕಟ್ಟಿಕೊಂಡು ಮತ್ತೆ ಊರು ಬಿಡಬೇಕು. ಟೆಸ್ಸಾಳ ಸೈಕಲ್ಲೂ ಹೋಗುತ್ತದೆ.

ಆರಿಸಿಬಿಡು ಆ ಡಬ್ಬವನ್ನು ಎಂದು ರೊವೀನಾ ಎಷ್ಟೋ ಸಲ ಹೇಳಿದಳು. ಡೆಲ್ಮರ್ ಆರಿಸಿದ. ಆರಿಸಿ ಗ್ಯಾರೇಜಿಗೆ ಹೋದ, ಬಾಗಿಲು ಹಾಕಿಕೊಂಡ, ಅಲ್ಲಿಂದಲೇ ರಸ್ಟಿಗೆ ಫೋನ್ ಹಚ್ಚಿದ. ಹೆಸರು ಹರ್ಬ್ ಅಂತ, ಪಕ್ಕದ ಜಿಲ್ಲೆಯವನು, ಈ ಫೋಗಲ್ ಯಾರೋ ನನಗೆ ಗೊತ್ತಿಲ್ಲ ಎಂದು ಪೀಠಿಕೆ ಹಾಕಿದ. ಗ್ರೇಡಿಗೆ ಇನ್ನೊಂದು ವರ್ಷ ಕೊಡಿ, ನಡುಮಧ್ಯದ ಓಟ ಮರ್ಯಾದಸ್ಥರ ಆಟ ಎಂದು ವಾದಿಸಿದ. ಮುಂದಿನ ಸೋಮವಾರವೂ ಹರ್ಬ್ ಬಂದ, ಅದರ ಮುಂದಿನದಕ್ಕೂ ಬಂದ. ಇಡೀ ಜಿಲ್ಲೆಗೆ ತನ್ನ ದನಿಯಲ್ಲೇ ಕಾರು ಕಲಿಸಿದ ಮನುಷ್ಯ, ಹೆಸರು ಬದಲಿಸಿದರೆ ಸಾಕು, ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡನಲ್ಲ! ಮಗನ ವಿಷಯಕ್ಕೆ ಬಂದರೆ ಅಪ್ಪಂದಿರ ಬುದ್ಧಿ ಎಲ್ಲಿ ಮೇಯಲು ಹೋಗುತ್ತದೋ.

ರಸ್ಟಿಗೆ ಮೊದಲ ದಿನವೇ ಗೊತ್ತಾಗಿತ್ತು. ಹಳೇ ಮೇಷ್ಟ್ರು ಎಂದು ಸುಮ್ಮನಿದ್ದ. ಆದರೆ ನವೆಂಬರಿನ ಒಂದು ಸೋಮವಾರ, ಗ್ರೇಡಿ ಮೊದಲ ಯತ್ನಕ್ಕೇ ಯಾಕೆ ಎಸೆಯಿಸಬಾರದು ಎಂದು ರಸ್ಟಿ ಕೆಣಕಿದಾಗ, ಹರ್ಬ್‌ಗೆ ರೇಗಿತು.

"ಎಸೀಬೇಕಂತೆ! ಅವಸರ ಬೇಡ ಮಗಾ, ಕನ್ನಡಿ ನೋಡ್ಕೊ," ಎಂದುಬಿಟ್ಟ.

ರಸ್ಟಿ ತಡೆಯಲಾರದೆ ನಕ್ಕ. "ಕೋಚ್, ನೀವಾ? ನಾನು ಇವತ್ತಿಗೂ ಎರಡು ಕಾರಿನ ಮಧ್ಯ ಪಾರ್ಕ್ ಮಾಡೋಕೆ ಒದ್ದಾಡ್ತೀನಿ ಕೋಚ್."

ಡೆಲ್ಮರ್ ಫೋನ್ ಇಟ್ಟ. ಮರುದಿನ ಬೆಳಿಗ್ಗೆಯಿಂದ ಸ್ಟೇಷನ್ನಿನವರು ಆ ತುಣುಕನ್ನು ಸುದ್ದಿಗೊಮ್ಮೆ ಹವಾಮಾನಕ್ಕೊಮ್ಮೆ ಹಾಕಿದರು. ಪೆಟ್ರೋಲ್ ಬಂಕಿನಲ್ಲಿ, ಔಷಧಿ ಅಂಗಡಿಯಲ್ಲಿ, ಎಲ್ಲೆಲ್ಲೂ ಕನ್ನಡಿ ನೋಡ್ಕೊ.

ಎರಡು ದಿನ ಬಿಟ್ಟು ಗ್ರೇಡಿ ಮನೆಗೆ ಬಂದ. ಟೋಪಿಯನ್ನೂ ತೆಗೆಯದೆ ಊಟದ ಮೇಜಿನ ಮುಂದೆ ಕೂತ. ರೊವೀನಾ ಹುರಿದ ಬೆಂಡೆಕಾಯಿ ತಂದಿಟ್ಟಳು, ಅವನು ಮುಟ್ಟಲಿಲ್ಲ. ಕೂಗಾಡಲೂ ಇಲ್ಲ. ಕೂಗಾಡಿದ್ದರೆ ಡೆಲ್ಮರ್‌ಗೆ ಎಷ್ಟೋ ವಾಸಿಯಾಗುತ್ತಿತ್ತು.

"ಬಟ್ಟೆ ಬದಲಿಸೋ ಕೋಣೇಲಿ ಹುಡುಗ್ರು ಅದನ್ನ ಹಾಕ್ಕೊಂಡು ನಗ್ತಿದ್ರು ಅಪ್ಪ. ನಾನು ಒಳಗೆ ಬಂದಿದ್ದಕ್ಕೆ ಆರಿಸಿದ್ರು."

ಓಟವೋ ಎಸೆತವೋ ಎಂದು ಆಟ ಕರೆಯುವ ಕೆಲಸವನ್ನೇ ಹಕಬಿ ಅವನಿಂದ ಕಿತ್ತುಕೊಂಡಿದ್ದ. ಅಪ್ಪನಿಂದ ವಕಾಲತ್ತು ಮಾಡಿಸುವವನ ಮಾತನ್ನು ಹುಡುಗರು ಇನ್ನು ಕೇಳುವುದಿಲ್ಲ ಎಂದು ಮುಖದ ಮೇಲೇ ಹೇಳಿದನಂತೆ. ಕೊನೆಯ ಪಂದ್ಯಕ್ಕೆ ಪೆಟಿಟ್ ಎಂಬ ಕಿರಿಯ ಕೋಚ್ ಆಟ ಕರೆಯುತ್ತಾನೆ. ಗ್ರೇಡಿ ಅದೇ ಗಾಜಿನ ಕೋಣೆಯಲ್ಲಿ, ಅವನ ಪಕ್ಕದಲ್ಲಿ, ದುರ್ಬೀನು ಹಿಡಿದು ಎದುರು ತಂಡದಲ್ಲಿ ಯಾರು ಒಳಬಂದರು ಯಾರು ಹೊರಹೋದರು ಎಂದು ಹೇಳಬೇಕು. ಪೆಟಿಟ್‌ನಿಂದಲೂ ಆಗಲಿಲ್ಲವೆಂದರೆ ತಪ್ಪು ಹುಡುಗರ ಕಸುವಿನದು ಎಂದಾಗಿ, ಗ್ರೇಡಿಗೆ ಇನ್ನೊಂದು ಅವಕಾಶ ಉಳಿಯುತ್ತದೆ. ಪೆಟಿಟ್ ಗೆದ್ದರೆ ಗ್ರೇಡಿಯ ಕಥೆ ಮುಗಿಯಿತು.

ಡೆಲ್ಮರ್ ಬೆಂಡೆಕಾಯಿಯ ತಟ್ಟೆಯನ್ನು ಮಗನ ಕಡೆ ಸರಿಸಿದ. "ನಾನು ಶನಿವಾರ ಬರ್ಬೇಕಾ, ಬೇಡ್ವಾ?"

"ಬಾ. ನಿನ್ ಸೀಟು ಖಾಲಿ ಇದ್ರೆ ಅದಕ್ಕೂ ಮಾತಾಡ್ತಾರೆ. ಟೋಪಿ ಎತ್ತು, ಅಷ್ಟು ಸಾಕು."

ಅದು ಅಪ್ಪ ಮಗನ ನಡುವಿನ ಹಳೆಯ ರೂಢಿ. ಡೆಲ್ಮರ್‌ನ ಸೀಟು ಗಾಜಿನ ಕೋಣೆಗೆ ನೇರ ಎದುರು ಬದಿಯ ಮೆಟ್ಟಿಲುಗಳಲ್ಲಿ. ಆಟ ಶುರುವಾಗುವ ಮುಂಚೆ ಗ್ರೇಡಿ ದುರ್ಬೀನಿನಲ್ಲಿ ಅವನನ್ನು ಹುಡುಕುತ್ತಾನೆ, ಇವನು ಟೋಪಿ ಎತ್ತುತ್ತಾನೆ.

ಶನಿವಾರ ಅವನು ಟೋಪಿ ಎತ್ತಿದ. ಕೂತ ಮೇಲೆ, ಜೀವಮಾನದಲ್ಲಿ ಮೊದಲ ಸಲ, ಕೊಕ್ಕರೆಗಳು ಸೋಲಲಿ ಎಂದು ಬೇಡಿಕೊಂಡ. ಡೆಲ್ಮರ್ ಮಗುವಾಗಿದ್ದಾಗ ಅವನಪ್ಪ ಹೆಗಲ ಮೇಲೆ ಕೂರಿಸಿಕೊಂಡು ಇದೇ ಮೈದಾನಕ್ಕೆ ತಂದಿದ್ದ. ಆಮೇಲೆ ಡೆಲ್ಮರ್ ಜ್ವರವಿದ್ದರೂ ಬಂದಿದ್ದ, ತನ್ನ ಮದುವೆಯ ಮಾರನೇ ದಿನವೂ ಬಂದಿದ್ದ. ಈಗ ಅದೇ ತಂಡದ ಸೋಲನ್ನು ದೇವರ ಹತ್ತಿರ ಕೇಳುತ್ತಿದ್ದ. ರೊವೀನಾ ಪಕ್ಕದಲ್ಲಿ ಕೈಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ನೇರ ನೋಡುತ್ತ ಕೂತಿದ್ದಳು.

ಬಹಳ ಹೊತ್ತು ದೇವರು ಅವನ ಮಾತು ಕೇಳಿದ. ಪೆಟಿಟ್ ಎಸೆಯಿಸಿದ್ದೆಲ್ಲ ನೆಲಕ್ಕೆ ಬಿತ್ತು. ಜನ ಪೆಟಿಟ್‌ನನ್ನೂ ಬೈಯಲು ಶುರುಮಾಡಿದಾಗ ಡೆಲ್ಮರ್‌ನ ಎದೆ ಸ್ವಲ್ಪ ಹಗುರಾಯಿತು. ಹಿಂದಿನ ಸಾಲಿನವನೊಬ್ಬ, ಫೋಗಲ್ಲೇ ವಾಸಿಯಿದ್ದ ಕಣೋ ಎಂದ. ಆ ಒಂದು ಮಾತಿಗೆ ಡೆಲ್ಮರ್‌ನ ಕಣ್ಣು ತುಂಬಿತು.

ಆಟ ಮುಗಿಯಲು ಸ್ವಲ್ಪವೇ ಉಳಿದಿತ್ತು. ಕೊಕ್ಕರೆಗಳು ಹಿಂದಿದ್ದರು, ಚೆಂಡು ಅವರ ಕೈಗೆ ಬಂತು, ಮೊದಲ ಯತ್ನ. ದಪ್ಪ ಹುಡುಗ ಹೊಟ್ಟೆಗೆ ಕೈ ಒತ್ತಿಕೊಂಡು ಚೆಂಡು ಸಿಕ್ಕವನಂತೆ ನಡುಮಧ್ಯಕ್ಕೆ ನುಗ್ಗಿದ. ಇಡೀ ವರ್ಷ ಅದನ್ನೇ ಕಂಡಿದ್ದ ಎದುರು ತಂಡ ಪೂರ್ತಿ ಅವನ ಮೇಲೆ ಬಿತ್ತು. ಅವನ ಹತ್ತಿರ ಚೆಂಡು ಇರಲಿಲ್ಲ. ಅದು ಆಗಲೇ ಮೇಲೆ, ಸಂಜೆಬೆಳಕಿನಲ್ಲಿ, ಉದ್ದಕ್ಕೆ ಹೋಗುತ್ತಿತ್ತು. ದೂರದ ಅಂಚಿನಲ್ಲಿ ಒಬ್ಬಂಟಿಯಾಗಿ ಓಡುತ್ತಿದ್ದ ಸಣಕಲು ಹುಡುಗನೊಬ್ಬ ಅದನ್ನು ಎದೆಗೆ ಅವಚಿಕೊಂಡು ಅಂಕದ ಗೆರೆ ದಾಟಿದ.

ಕ್ರೀಡಾಂಗಣ ಹುಚ್ಚೆದ್ದಿತು. ಗಂಟಲು ಹರಿಯುವಂತೆ ಯಾರೋ ಕೂಗುತ್ತಿದ್ದರು, ಡೆಲ್ಮರ್‌ಗೆ ಕೇಳಿಸುತ್ತಿತ್ತು. ಕೂಗುತ್ತಿದ್ದವನು ತಾನೇ ಎಂದು ಆಮೇಲೆ ಗೊತ್ತಾಯಿತು. ಅವನು ಎದ್ದು ನಿಂತಿದ್ದ. ಎರಡೂ ಕೈ ನೆಟ್ಟಗೆ ಆಕಾಶಕ್ಕೆ ಎತ್ತಿದ್ದ. ಕೆಳಗೆ ನೋಡಿದರೆ ಅಷ್ಟು ಜನರಲ್ಲಿ ಕೂತಿದ್ದವಳು ರೊವೀನಾ ಒಬ್ಬಳೇ. ಅವಳು ಆಟ ನೋಡುತ್ತಿರಲಿಲ್ಲ, ಗಂಡನ ಮುಖ ನೋಡುತ್ತಿದ್ದಳು. ಕೈ ಇಳಿಸಲು ಹೊರಟ ಡೆಲ್ಮರ್ ಎದುರಿನ ಗಾಜಿನ ಕೋಣೆಯತ್ತ ಕಣ್ಣು ಹಾಯಿಸಿದ. ಪೆಟಿಟ್‌ನನ್ನು ಅಲ್ಲಿದ್ದವರು ತಬ್ಬಿಕೊಳ್ಳುತ್ತಿದ್ದರು. ಒಬ್ಬ ಮಾತ್ರ ಕಿಟಕಿಗೆ ಅಂಟಿ ಅಲ್ಲಾಡದೆ ನಿಂತಿದ್ದ. ಅವನ ದುರ್ಬೀನು ಮೈದಾನದ ಕಡೆಗಿರಲಿಲ್ಲ.

ಪಂದ್ಯ ಗೆದ್ದಾಯಿತು, ಗ್ರೇಡಿಯ ಕರಾರು ಮುಂದುವರಿಯಲಿಲ್ಲ. ಬಹಳ ದೂರದ ಒಂದು ಸಣ್ಣ ಕಾಲೇಜಿನಲ್ಲಿ ಗ್ರೇಡಿಗೆ ಸಹಾಯಕನ ಕೆಲಸ ಸಿಕ್ಕಿತು. ಕ್ರಿಸ್ಮಸ್‌ಗೆ ಮುಂಚೆಯೇ ಮನೆ ಖಾಲಿ ಮಾಡಿದರು. ಅವನ ಹೆಂಡತಿ ಟೆಸ್ಸಾಳನ್ನು ಕರೆದುಕೊಂಡು ಕಾರಿನಲ್ಲಿ ಮುಂದೆ ಹೋದಳು. ಗ್ರೇಡಿ ಬಾಡಿಗೆ ಲಾರಿಗೆ ಮೇಜು, ಮಂಚ, ಟೆಸ್ಸಾಳ ಸೈಕಲ್ ತುಂಬಿದ. ಡೆಲ್ಮರ್ ಒಂದೊಂದಾಗಿ ಎತ್ತಿಕೊಟ್ಟ. ಹಿಂದಿನ ಬಾಗಿಲಿಗೆ ಚಿಲಕ ಹಾಕುವಾಗ ಡೆಲ್ಮರ್ ತಡೆಯಲಾರದೆ ಬಾಯಿಬಿಟ್ಟ.

"ಆವತ್ತು ನಾನು... ಕೈ ತಾನಾಗೇ ಎದ್ದುಬಿಡ್ತು ಕಣೋ."

"ನೋಡ್ದೆ ಅಪ್ಪ." ಗ್ರೇಡಿ ಚಿಲಕವನ್ನು ಇನ್ನೊಮ್ಮೆ ಎಳೆದು ನೋಡಿದ. "ಪರ್ವಾಗಿಲ್ಲ. ಒಳ್ಳೇ ಆಟ ಕರೆದ ಪೆಟಿಟ್. ನಾನಾಗಿದ್ರೆ ನಡುಮಧ್ಯ ಓಡಿಸ್ತಿದ್ದೆ. ನಂಗೆ ಬೇರೆ ಯಾವುದೂ ಬರಲ್ವಲ್ಲ."

ಅವನು ಲಾರಿ ಹತ್ತಿ, ರಿವರ್ಸ್ ಹಾಕಿ, ರಸ್ತೆಯ ಕಡೆಗೆ ನಿಧಾನವಾಗಿ ಹಿಂದೆ ಸರಿಸತೊಡಗಿದ. ತಿರುವಿನಲ್ಲಿ ಅಂಚೆ ಡಬ್ಬದ ಕಂಬ ಚಕ್ರಕ್ಕೆ ತೀರಾ ಹತ್ತಿರವಿತ್ತು. ಅಂಗಳದಲ್ಲಿ ನಿಂತಿದ್ದ ಡೆಲ್ಮರ್‌ಗೆ ಅದು ಕಾಣುತ್ತಿತ್ತು. ಆ ಹಳೆಯ ಮಾತು ನಾಲಿಗೆಯ ತುದಿಯವರೆಗೂ ಬಂತು. ಬಾಯಿ ಮುಚ್ಚಿಕೊಂಡ. ಲಾರಿ ಕಂಬಕ್ಕೆ ತಗಲಿತು, ಡಬ್ಬ ವಾಲಿತು. ಗ್ರೇಡಿ ನಿಲ್ಲಿಸದೆ ಹೋದ.