ಸಂಖಕ್ಕೆ ಬಂದ ಸಮುದ್ರದ ನೀರು

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಗಡಿನಾಡಿನ ಬಯಲುಸೀಮೆಯ ಹಳ್ಳಿ ಸಂಖದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ತರಬೇತಿಗೆಂದು ರತ್ನಾಗಿರಿಗೆ ಹೋದವನು ಅಲ್ಲಿ ಗಾಜಿನ ತೊಟ್ಟಿಯಲ್ಲಿ ಸಮುದ್ರದ ಮೀನು ನೋಡಿಬಂದೆ. ನಮ್ಮ ಮಕ್ಕಳಿಗೂ ತೋರಿಸಲೇಬೇಕೆಂಬ ಹುಚ್ಚು ಹಿಡಿಯಿತು. ಅಲ್ಲಿಯ ಗೆಳೆಯನೊಬ್ಬ ಡಬ್ಬಿಗಳಲ್ಲಿ ಸಮುದ್ರದ ನೀರು ತುಂಬಿ ಎಸ್.ಟಿ. ಬಸ್ಸಿನ ಮೇಲೆ ಹೇರಿಸಿದ. ಮೀನು ಮಾತ್ರ ಆಮೇಲೆ ಎಂದ. ಮೊದಲು ನೀರು ಮಾಗಬೇಕು, ಕಣ್ಣಿಗೆ ಕಾಣದ ಜೀವಿಗಳು ಮರಳಿನಲ್ಲಿ ಬೆಳೆದು ಮೀನಿನ ಹೊಲಸನ್ನು ಅರಗಿಸುವಂತಾಗಬೇಕು, ಅವಸರ ಮಾಡಿದರೆ ಮೀನು ತನ್ನ ಹೊಲಸಿನಲ್ಲೇ ಸಾಯುತ್ತದೆ. ಬೇಸಿಗೆಯಲ್ಲಿ ಅವನಿಗೆ ದೂರದೂರಿಗೆ ವರ್ಗವಾಗುವುದಿತ್ತು. ಹಾಗಾಗಿ ನನಗಿದ್ದದ್ದು ಒಂದೇ ಅವಕಾಶ.

ನಾನೂ ಒಂದು ಗಾಜಿನ ತೊಟ್ಟಿ ಮಾಡಿಸಿ, ತಳಕ್ಕೆ ಮರಳು ಹಾಸಿ, ಆ ನೀರು ತುಂಬಿ ಮನೆಯ ಪಡಸಾಲೆಯಲ್ಲಿಟ್ಟೆ. ಆ ಕಾಣದ ಜೀವಿಗಳಿಗೆಂದು ದಿನಾ ಚಿಟಿಕೆ ಹಿಟ್ಟು ಹಾಕಿ, ಕೋಲಿನಿಂದ ಕಲಕಿ ಕಾಯತೊಡಗಿದೆ. ಬಂದವರೆಲ್ಲ ತೊಟ್ಟಿಯೊಳಗೆ ಇಣುಕುವವರೇ.

“ಮಾಸ್ತರ್ರ, ಮೀನ ಎಲ್ಲಿ ಅದಾವ್ರಿ?”

“ಬರ್ತಾವ್ರಿ. ಮೊದಲ ನೀರ ಮಾಗಬೇಕ್ರಿ.”

“ಮಾಗಾಕ ಅದೇನ ಮಾವಿನಹಣ್ಣೇನ್ರಿ?”

ಅವ್ವ ಇನ್ನೂ ಒಂದು ಕೈ ಮೇಲೆ. “ಮೀನ ಇಲ್ದ ನೀರಿಗಿ ದಿನಾ ಹಿಟ್ಟ ಹಾಕ್ತೀಯಲ್ಲೋ, ನಿನ್ನ ತಲಿ ಚಲೋ ಐತಿಲ್ಲೋ?” ಎಂದಳು. ವಿವರಿಸಿ ವಿವರಿಸಿ ನನ್ನ ಬಾಯಿ ಒಣಗಿತು.

ಒಂದೇ ಸಮಾಧಾನವೆಂದರೆ ತೊಟ್ಟಿಯ ಮಟ್ಟ. ನಮ್ಮ ಬಿಸಿಲಿಗೆ ಕೊಡದ ನೀರೇ ಆರಿಹೋಗುವಾಗ ಇದು ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಉಪ್ಪುನೀರು ಅಷ್ಟು ಸುಲಭವಾಗಿ ಆವಿಯಾಗುವುದಿಲ್ಲ ಎಂದು ತರಗತಿಯಲ್ಲಿ ಗತ್ತಿನಿಂದ ಪಾಠ ಬೇರೆ ಮಾಡಿದೆ.

ಕೊನೆಗೆ ಗೆಳೆಯ ಭಾನುವಾರ ಮೀನು ತರುವುದಾಗಿ ಹೇಳಿಕಳಿಸಿದ. ಆ ಬೆಳಿಗ್ಗೆ ನೀರು ಕಲಕುವಾಗ ಒಂದು ಹನಿ ತುಟಿಗೆ ಸಿಡಿಯಿತು. ಸಪ್ಪೆ! ಬೊಗಸೆಯಲ್ಲಿ ತೆಗೆದು ಬಾಯಿಗೆ ಹಾಕಿಕೊಂಡೆ. ನಮ್ಮ ಬಾವಿಯ ನೀರು.

ಅವ್ವನನ್ನು ಕೇಳಿದರೆ ಅವಳಿಗೆ ಒಂದಿಷ್ಟೂ ಅಳುಕಿಲ್ಲ. “ಸಮುದ್ರದ ನೀರ ಅಂದ್ರ ತೀರ್ಥ ಅಲ್ಲೇನೋ? ಓಣಿ ಮಂದಿ ಕೇಳಿದ್ರ ಇಲ್ಲ ಅನ್ನಾಕ ಅಕ್ಕೈತೇನು? ಒಂದೊಂದ ವಾಟಿ ಕೊಟ್ಟೇನಿ. ಅವರೂ ಏನ ಖಾಲಿ ವಾಟಿ ಹೊಳ್ಳಿ ತಂದಿಲ್ಲ.”

ನಮ್ಮ ಓಣಿಯ ರೀತಿಯೇ ಅದು. ಮೊಸರು ಒಯ್ದ ಬಟ್ಟಲು ಹಿಡಿ ಶೇಂಗಾವನ್ನೋ ಬೆಲ್ಲದ ತುಣುಕನ್ನೋ ಹೊತ್ತೇ ಮರಳಬೇಕು. ನೀರಿಗೆ ಬದಲಾಗಿ ಏನು ಕೊಡುವುದು? ಪ್ರತಿಯೊಬ್ಬರೂ ಬಾವಿಯಿಂದ ಶುದ್ಧ ನೀರು ಸೇದಿ ತಂದಿದ್ದರು, ಅವ್ವ ಅದನ್ನು ತೊಟ್ಟಿಗೆ ಸುರಿದಿದ್ದಳು. ಇಷ್ಟು ಪ್ರಾಮಾಣಿಕ ಜನರನ್ನು ಬೈಯುವುದಾದರೂ ಹೇಗೆ? ಆದರೂ ಮನಸಾರೆ ಬೈದೆ.

ಮಧ್ಯಾಹ್ನ ಗೆಳೆಯ ಇಳಿದ. ಒಂದು ಡಬ್ಬಿಯಲ್ಲಿ ಹೆಬ್ಬೆರಳ ಗಾತ್ರದ ಎರಡು ಪಟ್ಟೆ ಮೀನು, ಇನ್ನೊಂದರಲ್ಲಿ ದಾರಿಗೆಂದು ಹೆಚ್ಚಿನ ಸಮುದ್ರದ ನೀರು. ತೊಟ್ಟಿಯ ನೀರಿನ ರುಚಿ ನೋಡಿ ಹಣೆ ಚಚ್ಚಿಕೊಂಡ. ಇದರಲ್ಲಿ ಬಿಟ್ಟರೆ ಮೀನು ಸಂಜೆಯವರೆಗೂ ಉಳಿಯವು ಎಂದ. ಮುಂದಿನ ಬಸ್ಸಿಗೇ ಅವನ್ನು ಹೊಳ್ಳಿ ಒಯ್ಯುವುದೆಂದಾಯಿತು. ಅವನ ಊಟ ಮುಗಿಯುವವರೆಗೆ ಓಣಿಯ ಮಕ್ಕಳು ಮೀನಿನ ಡಬ್ಬಿಯ ಸುತ್ತ ಮುಗಿಬಿದ್ದಿದ್ದರು. ಮರುದಿನ ನನ್ನ ತರಗತಿಯ ಮಕ್ಕಳಿಗೆ ಏನು ಹೇಳಲಿ ಎಂದು ನನಗೆ ಅಳುವೇ ಬರುವಂತಾಗಿತ್ತು.

ಅವ್ವ ರೊಟ್ಟಿಯ ಗಂಟು ಹಿಡಿದು ಬಸ್ ನಿಲ್ದಾಣಕ್ಕೂ ಬಂದಳು. ಬಸ್ಸು ಹತ್ತುವ ಮೊದಲು ಗೆಳೆಯ ಮೀನಿಗೆ ಹೊಸ ನೀರು ಕೊಡಲೆಂದು ಎರಡನೇ ಡಬ್ಬಿಯನ್ನು ಬಗ್ಗಿಸಹೋದ. ನನಗೆ ತೊಟ್ಟಿಯ ನೀರು ನೆನಪಾಯಿತು. ಅವನ ಕೈ ಗಟ್ಟಿಯಾಗಿ ಹಿಡಿದು, ಬೆರಳು ಅದ್ದಿ ನಾಲಿಗೆಗೆ ಹಚ್ಚಿ ನೋಡಿದೆ.

ಸಪ್ಪೆ.

ಅವ್ವನ ಕಡೆ ತಿರುಗಿದೆ.

“ಹಂಗ್ಯಾಕ ನೋಡ್ತೀಯೋ?” ಎಂದಳು. “ಮನಿಗಿ ಬಂದವರಿಗಿ ಖಾಲಿ ಡಬ್ಬಿ ಕೊಟ್ಟ ಕಳಸೂದೇನು?”